ಮಗಳಿಗೆ ಆರ್‌ಟಿಇ ಸೀಟು, ಮಗನಿಗೆ ಸರ್ಕಾರಿ ಶಾಲೆ: ಎರಡೂ ನೋಡಿದ್ಮೇಲೆ ಅನ್ಸಿದ್ದು

ತೀರ್ಥಹಳ್ಳಿ ಪೇಟೆ ಅಂಚಲ್ಲಿ ನಮ್ಮನೆ, ಅಡಿಕೆ ಮಂಡೀಲಿ ಲೆಕ್ಕ ಬರಿಯೋ ಕೆಲ್ಸ ನಂದು. 2016ರಲ್ಲಿ ಮಗಳಿಗೆ ಲಾಟರೀಲಿ ಆರ್‌ಟಿಇ ಸೀಟು ಸಿಕ್ತು, ಅಂದ್ರೆ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಖಾಸಗಿ ಶಾಲೇಲಿ ಬಡ ಮಕ್ಳಿಗೆ ಇಡೋ ಸೀಟು, ಇಂಗ್ಲಿಷ್ ಮೀಡಿಯಂ ಶಾಲೆ, ಒಂದನೇ ಕ್ಲಾಸು. 2019ರಲ್ಲಿ ಮಗನ ಸರದಿ ಬರೋ ಹೊತ್ತಿಗೆ ರೂಲ್ಸೇ ಬದಲಾಗಿತ್ತು, ವಾರ್ಡಲ್ಲಿ ಸರ್ಕಾರಿ ಇಲ್ಲಾ ಅನುದಾನಿತ ಶಾಲೆ ಇದ್ರೆ ಖಾಸಗೀಲಿ ಆರ್‌ಟಿಇ ಸೀಟಿಲ್ಲ ಅಂತ. ಹಂಗಾಗಿ ಅವ್ನು ಸರ್ಕಾರಿ ಶಾಲೆಗೆ.

ಮೊದ್ಲು ದುಡ್ಡಿನ ಮಾತು. ಆರ್‌ಟಿಇ ಸೀಟಿಗೆ ಫೀಸು ಸರ್ಕಾರ ಕಟ್ತಿತ್ತು, ಮೊದಲು ಮಗುಗೆ ವರ್ಷಕ್ಕೆ ಹೆಚ್ಚಂದ್ರೆ 11,848 ರೂಪಾಯಿ, ಆಮೇಲೆ 16,000 ಮಾಡಿದ್ರು. ಆದ್ರೆ ಪುಸ್ತಕ, ಯೂನಿಫಾರ್ಮು, ಶೂ, ವಾರ್ಷಿಕೋತ್ಸವದ ಡ್ರೆಸ್ಸು ಅಂತ ವರ್ಷಾ ವರ್ಷಾ ನಮ್ ಕೈಯಿಂದ ಏಳೆಂಟು ಸಾವಿರ ಹೋಗೋದು. ಎಲ್ಲಕ್ಕಿಂತ ದೊಡ್ಡ ಪೆಟ್ಟು ಅಂದ್ರೆ ಆರ್‌ಟಿಇ ಎಂಟನೇ ಕ್ಲಾಸಿಗೆ ಮುಗಿಯತ್ತೆ, ಒಂಬತ್ತಕ್ಕೆ ಪೂರ್ತಿ ಫೀಸು ಕೇಳಿದ್ರು, ಆಗ್ಲಿಲ್ಲ, ಎಂಟು ವರ್ಷದ ಗೆಳತಿಯರನ್ನ ಬಿಡಿಸಿ ಸರ್ಕಾರಿ ಹೈಸ್ಕೂಲಿಗೆ ಸೇರಿಸಿದ್ವಿ. ಆ ಜೂನ್ ತಿಂಗ್ಳು ಅವ್ಳು ಮಾತೇ ಆಡ್ತಿರ್ಲಿಲ್ಲ.

ಮಗನ ಶಾಲೇಲಿ ಪುಸ್ತಕ, ಬಿಸಿಯೂಟ, ಹಾಲು, ಮೊಟ್ಟೆ ಎಲ್ಲಾ ಫ್ರೀ. ಟೀಚರ್ ಕಡಿಮೆ, ಮೂರು ಕ್ಲಾಸು ಒಟ್ಟಿಗೆ ಕೂರ್ಸಿ ನಲಿಕಲಿ, ಅಂದ್ರೆ ಆಟ-ಚಟುವಟಿಕೇಲಿ ಕಲಿಸೋ ಪದ್ಧತಿ, ಮಾಡ್ತಿದ್ರು.

ಕಲಿಕೇಲಿ? ಮಗಳ ಇಂಗ್ಲಿಷ್ ಖಂಡಿತ ಚೆನ್ನಾಗಿದೆ. ಲೆಕ್ಕದಲ್ಲಿ ಅವ್ಳು ಆ ವಯಸ್ಸಲ್ಲಿ ಮಾಡ್ತಿದ್ದಷ್ಟೇ ಇವ್ನೂ ಮಾಡ್ತಿದ್ದ. ಆಂಧ್ರದ ಹಳ್ಳಿಗಳಲ್ಲಿ ಮುರಳೀಧರನ್, ಸುಂದರರಾಮನ್ ಅನ್ನೋ ಅರ್ಥಶಾಸ್ತ್ರಜ್ಞರು ಲಾಟರಿ ಎತ್ತಿ ಮಕ್ಳಿಗೆ ಖಾಸಗಿ ಶಾಲೆ ಫೀಸಿನ ವೋಚರ್ ಕೊಟ್ಟು ನಾಲ್ಕು ವರ್ಷ ನೋಡಿದ್ರಂತೆ, ತೆಲುಗು, ಗಣಿತದಲ್ಲಿ ವ್ಯತ್ಯಾಸ ಇಲ್ಲ, ಹಿಂದೀಲಿ ಖಾಸಗಿ ಮಕ್ಳು ಮುಂದೆ, ಖರ್ಚು ಮಾತ್ರ ಖಾಸಗೀಲಿ ಸರ್ಕಾರಿಯ ಮೂರನೇ ಒಂದು ಭಾಗಕ್ಕಿಂತ ಕಮ್ಮಿ. ಲೆಕ್ಕ ಬರಿಯೋನಿಗೆ ಈ ಕೊನೆ ಸಾಲು ಕಣ್ಣಿಗೆ ಬೀಳ್ದೇ ಇರಲ್ಲ, ಟೀಚರ್‌ಗೆ ಸಂಬಳ ಕಮ್ಮಿ ಕೊಟ್ಟೇ ಅಷ್ಟು ಉಳಿಸ್ತಾರೆ ಅನ್ನೋದೂ ಗೊತ್ತು.

ಆದ್ರೆ ನನ್ನ ಮನಸ್ಸಲ್ಲಿ ಉಳಿದಿದ್ದು ಬೆಂಚು. ಮಗಳ ಪಕ್ಕ ಕೂರ್ತಿದ್ದೋಳು ನಮ್ ಮಂಡಿ ಸಾಹುಕಾರರ ಮಗ್ಳು. ಒಂದ್ ವರ್ಷ ಭೂಮಿ ಹುಣ್ಣಿಮೆಗೆ ನಮ್ಮನೆಗೇ ಬಂದು ಕಡುಬು ತಿಂದು ಹೋದ್ಲು, ಈಗ್ಲೂ ಫೋನ್ ಮಾಡ್ತಾಳೆ. ದೆಹಲೀಲಿ ಗೌತಮ್ ರಾವ್ ಅನ್ನೋ ಅರ್ಥಶಾಸ್ತ್ರಜ್ಞರು ಇದನ್ನೇ ಅಳೆದಿದಾರೆ, ಬಡ ಮಕ್ಳ ಜೊತೆ ಓದಿದ ಶ್ರೀಮಂತರ ಮಕ್ಳು ಹೆಚ್ಚು ಉದಾರಿಗಳಾದ್ರು, ಭೇದ ಮಾಡೋದು ಕಮ್ಮಿ ಆಯ್ತು, ಇಂಗ್ಲಿಷ್ ಅಂಕ ಸ್ವಲ್ಪ ಇಳೀತು ಅಷ್ಟೆ. ಮಗನ ಕ್ಲಾಸಲ್ಲಿ ಹನ್ನೊಂದು ಮಕ್ಳು, ಎಲ್ರೂ ಕೂಲಿಯವರ ಮಕ್ಳು, ತೋಟದವರ ಮನೆಯವ್ರು ಒಬ್ರೂ ಇಲ್ಲ. ಆಯ್ಕೆ ಇರೋರೆಲ್ಲ ಎದ್ದು ಹೋದ್ರೆ ಶಾಲೇಲಿ ಟೀಚರ್ ಯಾಕಿಲ್ಲ ಅಂತ ಗಟ್ಟಿಯಾಗಿ ಕೇಳೋರೂ ಹೋದಂಗೆ.

ಸಾಲ ಮಾಡ್ದೆ ಓದಿಸೋದಕ್ಕೆ ಸರ್ಕಾರಿ ಶಾಲೆನೇ ಸರಿ, ಬೆರೆತು ಕೂರೋದಕ್ಕೆ ಆರ್‌ಟಿಇ ಸೀಟೇ ಮೇಲಿತ್ತು, ಅದನ್ನ ಮುಚ್ಚಬಾರದಿತ್ತು. ಮಗನ್ನ ಎಂಟಕ್ಕೆ ಸರ್ಕಾರದ್ದೇ ಆದ ಕರ್ನಾಟಕ ಪಬ್ಲಿಕ್ ಶಾಲೆಗೆ ಹಾಕೋದು ಅಂತ ಮಾಡಿದೀವಿ. ಹಿಂದಿನ ಬೀದಿಯ ತೋಟದವರ ಮಗ್ಳಿಗೂ ಎಂಟನೇ ಕ್ಲಾಸೇ, ಒಂದ್ಸಲ ಶಾಲೆ ನೋಡ್ಕೊಂಡು ಬನ್ನಿ ಅಂತ ಅವ್ರಿಗೆ ಹೇಳಿ ಬಂದಿದೀನಿ, ಭಾನುವಾರ ಕಳೀಲಿ ನೋಡಣ ಅಂದಿದಾರೆ.