ಬಿಜಿ-2 ಬಿಟಿ ಹತ್ತಿ ಬೀಜ: ಹಸಿರು ಕೀಡೆಗೆ ಪೂರ್ತಿ ಅಂಕ, ಗುಲಾಬಿ ಹುಳಕ್ಕೆ ಸೊನ್ನೆ

ರಾಣೆಬೆನ್ನೂರು ಕಡೆ ನಮ್ಮದು 4 ಎಕರೆ ಎರೆ ಹೊಲ. 2007ರಿಂದ ಬಿಟಿ ಹತ್ತಿ, ಅಂದರೆ ಹುಳ ಕೊಲ್ಲುವ ಜೀನ್ ಸೇರಿಸಿದ ಹತ್ತಿ, ಬಿತ್ತುತ್ತಿದ್ದೇನೆ. ನಡುವೆ 3 ವರ್ಷ ಬೇಸತ್ತು ಗೋವಿನಜೋಳಕ್ಕೆ ಹೋಗಿದ್ದೆ, ಆಮೇಲೆ ಮತ್ತೆ ಹತ್ತಿಗೇ ಬಂದೆ. ಪ್ರತಿ ವರ್ಷ ಮಿರಗ ಮಳೆ ಹತ್ತಿರ ಬಂದಾಗ ಪರಿಚಯದವರು ಫೋನ್ ಮಾಡಿ ಕೇಳುವುದು ಒಂದೇ ಪ್ರಶ್ನೆ, ಯಾವ ಪಾಕೀಟು ತರಲಿ ಅಂತ. ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲೇ ಬರೆಯುತ್ತಿದ್ದೇನೆ.

5ಕ್ಕೆ 3 ಸ್ಟಾರ್ ಕೊಡುತ್ತೇನೆ. ಯಾವುದೋ ಒಂದು ಕಂಪನಿಗೆ ಕೊಟ್ಟ ಅಂಕ ಅಂದುಕೊಳ್ಳಬೇಡಿ, ಅಂಗಡಿಯ ಗೋಡೆ ತುಂಬಾ ತೂಗು ಹಾಕಿರುವ ಎಲ್ಲ ಬಿಜಿ-2 (ಬೋಲ್‌ಗಾರ್ಡ್-2) ಪಾಕೀಟುಗಳಿಗೂ ಸೇರಿಸಿ ಹೇಳುತ್ತಿದ್ದೇನೆ. ಯಾಕೆಂದರೆ ಮೇಲಿನ ಹೆಸರು ನೂರಾರು ಇದ್ದರೂ ಒಳಗೆ ಹುಳ ಕೊಲ್ಲುವ ಗುಣ ಒಂದೇ. ಬ್ಯಾಸಿಲಸ್ ತುರಿಂಜಿಯೆನ್ಸಿಸ್ (ಇದರ ಚಿಕ್ಕ ಹೆಸರೇ ಬಿಟಿ) ಎಂಬ ಮಣ್ಣಿನ ಬ್ಯಾಕ್ಟೀರಿಯಾದಿಂದ ತೆಗೆದ ಎರಡು ಜೀನ್, ಕ್ರೈ1ಎಸಿ ಮತ್ತು ಕ್ರೈ2ಎಬಿ. ಎಲ್ಲ ಪಾಕೀಟಿನಲ್ಲೂ ಅವೇ. ಗರಿಷ್ಠ ಬೆಲೆಯೂ ಒಂದೇ, ಅದನ್ನು ಕೇಂದ್ರ ಸರ್ಕಾರ ಕಟ್ಟುತ್ತದೆ. 2020ರಲ್ಲಿ 730 ರೂಪಾಯಿ ಇತ್ತು, 2024ರಲ್ಲಿ 864 ಆಯಿತು, 2025ರಲ್ಲಿ 901. ಆಯಾ ವರ್ಷ ಕಟ್ಟಿದ ಬೆಲೆಗಿಂತ ಜಾಸ್ತಿ ಕೇಳಿದರೆ, "ಇದು ಸ್ಟಾಕ್ ಇಲ್ಲ, ನಿಮಗಂತ ಇಟ್ಟಿದ್ದೆ" ಅಂದರೆ, ಸುಮ್ನೆ ಎದ್ದು ಬನ್ನಿ.

ಮೊದಲು ಒಳ್ಳೆಯದು ಹೇಳಬೇಕು. ನಮ್ಮಪ್ಪ ಡಿಸಿಎಚ್-32 ಬೆಳೆಯುತ್ತಿದ್ದರು, ಅದೇ ಜಯಲಕ್ಷ್ಮಿ, ಧಾರವಾಡದಲ್ಲಿ ಹುಟ್ಟಿದ ತಳಿ. ಉದ್ದ ಎಳೆ, ರೇಷ್ಮೆಯಂಥ ಅರಳೆ. ಆದರೆ ಹಸಿರು ಕಾಯಿಕೊರಕ, ಅಂದರೆ ಹಸಿರು ಕೀಡೆ, ಬಂದರೆ ಮುಗಿಯಿತು. 90ರ ದಶಕದ ಕೊನೆಯಲ್ಲಿ ಅಪ್ಪ ವಾರಕ್ಕೊಮ್ಮೆ ಪಂಪು ಹೊತ್ತು ಹೊಡೆಯುತ್ತಿದ್ದರು. ಒಂದು ಔಷಧ ಕೇಳದಿದ್ದರೆ ಎರಡು ಬೆರೆಸಿ, ಎರಡೂ ಕೇಳದಿದ್ದರೆ ಮೂರು ಬೆರೆಸಿ. ಸಂಜೆ ಮನೆಗೆ ಬಂದರೆ ಅಂಗಿಯಿಂದ ಬರುತ್ತಿದ್ದ ಆ ವಾಸನೆ ನನಗೆ ಇವತ್ತಿಗೂ ಮರೆತಿಲ್ಲ. ಅವ್ವ ಆ ಬಟ್ಟೆ ಬೇರೆ ಬಕೀಟಿನಲ್ಲಿ ನೆನೆಹಾಕುತ್ತಿದ್ದಳು. ಬಿಟಿ ಬಂದ ಮೇಲೆ ಹಸಿರು ಕೀಡೆಗಾಗಿ ಪಂಪು ಹೊರುವುದು ನಮ್ಮ ಹೊಲದಲ್ಲಿ ನಿಂತೇ ಹೋಯಿತು. ಎಲೆ ತಿಂದ ಮರಿಹುಳ ಅಲ್ಲೇ ಸುಸ್ತಾಗಿ ಸಾಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಕೆಲಸವನ್ನು ಈ ಬೀಜ ಇವತ್ತಿಗೂ ಮಾಡುತ್ತಿದೆ. ಅಪ್ಪ ಆ ವಿಷದಿಂದ ಬಿಡುಗಡೆ ಆದದ್ದು ಈ ಬೀಜದಿಂದ, ಅದನ್ನು ನಾನು ಯಾವತ್ತೂ ಚಿಕ್ಕದು ಅನ್ನುವುದಿಲ್ಲ.

ಈಗ ಸೊನ್ನೆಯ ವಿಷಯ.

ಗುಲಾಬಿ ಕಾಯಿಕೊರಕ. ಇದು ಹಸಿರು ಕೀಡೆಯ ಹಾಗಲ್ಲ. ಮರಿ ಮೊಟ್ಟೆ ಒಡೆದು ಬಂದ ಸ್ವಲ್ಪ ಹೊತ್ತಿಗೇ ಕಾಯಿಯ ಒಳಗೆ ಹೋಗಿಬಿಡುತ್ತದೆ, ಹೋದ ತೂತೂ ಮುಚ್ಚಿಹೋಗುತ್ತದೆ. ಹೊರಗಿನಿಂದ ಕಾಯಿ ಹಸಿರಾಗಿ, ದುಂಡಾಗಿ, ಚೆಂದ ಕಾಣುತ್ತದೆ. ಒಡೆದು ನೋಡಿದರೆ ಒಳಗೆ ಬೀಜ ತಿಂದು ಕೂತಿರುತ್ತದೆ. ಔಷಧ ಹೊಡೆದರೂ ಅದಕ್ಕೆ ತಾಕುವುದಿಲ್ಲ. ಒಂದು ವರ್ಷ ನವೆಂಬರಿನಲ್ಲಿ ಗಿಡದ ತುಂಬಾ ಕಾಯಿ ನೋಡಿ ಖುಷಿಯಾಗಿ ಆಳುಗಳನ್ನು ಹೇಳಿ ಇಟ್ಟಿದ್ದೆ. ಎರಡನೇ ಬಿಡಿಕೆಗೆ ಹೋದರೆ ಕಾಯಿಗಳು ಅರೆಬಿರಿದು ನಿಂತಿವೆ, ಒಳಗೆ ಹಳದಿ ಕಲೆಯ ಗಟ್ಟಿ ಅರಳೆ. ಬಿಡಿಸುವ ಹೆಣ್ಣುಮಕ್ಕಳ ಕೈಗೂ ಅದು ಬರುವುದಿಲ್ಲ, ಕಿತ್ತರೆ ಸಿಪ್ಪೆ ಸಮೇತ ಬರುತ್ತದೆ. ಆ ವರ್ಷ ಬಿಡಿಸಿದ ಕೂಲಿ ಮತ್ತು ಗೊಬ್ಬರದ ಲೆಕ್ಕ ಹಾಕಿದಾಗ ಕೈಯಲ್ಲಿ ಏನೂ ಉಳಿಯಲಿಲ್ಲ. ಗೋವಿನಜೋಳಕ್ಕೆ ಹೋದದ್ದು ಅದಾದ ಮೇಲೆ.

ಇದು ನನ್ನೊಬ್ಬನ ಹೊಲದ ಕತೆ ಅಲ್ಲ. ನಮ್ಮ ದೇಶದಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿದ್ದು 2002ರ ಮಾರ್ಚಿನಲ್ಲಿ, ಆಗ ಒಂದೇ ಜೀನ್ ಇತ್ತು. ಎರಡು ಜೀನಿನ ಬಿಜಿ-2 ಬಂದದ್ದು 2006ರಲ್ಲಿ. ಮೊದಲ ಜೀನನ್ನು ಗುಲಾಬಿ ಹುಳ ಗುಜರಾತಿನಲ್ಲಿ ಜಯಿಸಿದೆ ಅಂತ 2010ರಲ್ಲಿ ಆ ಜೀನ್ ತಂದ ಮಾನ್ಸಾಂಟೊ ಕಂಪನಿಯೇ ಒಪ್ಪಿಕೊಂಡಿತು. ಅದಾಗಿ ನಾಲ್ಕೈದು ವರ್ಷಕ್ಕೆ ಎರಡನೆಯದಕ್ಕೂ ಹುಳ ಒಗ್ಗಿಕೊಂಡಿತು. ಇಷ್ಟೆಲ್ಲಾ ಎಲ್ಲರಿಗೂ ಗೊತ್ತಾದ ಮೇಲೂ ಬಹಳಷ್ಟು ಪಾಕೀಟಿನ ಮೇಲೆ, ಅಂಗಡಿಯವರ ಬಾಯಲ್ಲಿ, ಇನ್ನೂ "ಕಾಯಿಕೊರಕಕ್ಕೆ ಚಿಂತೆ ಇಲ್ಲ" ಅನ್ನುವ ಧಾಟಿಯೇ ಇದೆ. ಯಾವ ಕಾಯಿಕೊರಕ ಅಂತ ಹೇಳಬೇಕು ಅಲ್ವಾ? ನಾನು ಎರಡು ಸ್ಟಾರ್ ಕಿತ್ತುಕೊಂಡದ್ದು ಇದಕ್ಕೇ.

ಹಾಗಾದರೆ ತಂತ್ರಜ್ಞಾನವೇ ಸುಳ್ಳಾ ಅಂದರೆ, ಅಲ್ಲ. ಅಮೆರಿಕದಲ್ಲಿ ಬಿಟಿ ಹತ್ತಿಯ ಜೊತೆ ಬಂಜೆ ಮಾಡಿದ ಪತಂಗಗಳನ್ನು ಹೊಲದ ಮೇಲೆ ಬಿಟ್ಟು, ಬೆಳೆ ಮುಗಿದ ಮೇಲೆ ಗಿಡ ನಾಶ ಮಾಡಿ, 2018ರಲ್ಲಿ ತಮ್ಮ ಹತ್ತಿ ಸೀಮೆಯಲ್ಲಿ ಗುಲಾಬಿ ಹುಳವೇ ಇಲ್ಲ ಅಂತ ಘೋಷಿಸಿದರು. ನಮ್ಮಲ್ಲಿ ಮಾಡಿದ್ದು ಬೇರೆ. ಇಲ್ಲಿ ಬಿಟಿ ಬಂದದ್ದು ಹೈಬ್ರಿಡ್ ಬೀಜದಲ್ಲಿ, ಅದರಲ್ಲೂ ಬಹಳಷ್ಟು ಉದ್ದ ಅವಧಿಯವು. ನೀರಿದ್ದವರು ಫೆಬ್ರವರಿವರೆಗೂ ಗಿಡ ಇಟ್ಟುಕೊಳ್ಳುತ್ತೇವೆ, ಇನ್ನೊಂದು ಬಿಡಿಕೆ ಸಿಗಲಿ ಅಂತ. ಗುಲಾಬಿ ಹುಳಕ್ಕೆ ಹತ್ತಿ ಬಿಟ್ಟರೆ ಬೇರೆ ಊಟ ಅಂತ ಹೆಚ್ಚೇನೂ ಇಲ್ಲ, ಹತ್ತಿ ಹೊಲದಲ್ಲಿ ಇರುವಷ್ಟು ದಿನ ಅದರ ಸಂಸಾರ ಬೆಳೆಯುತ್ತಲೇ ಇರುತ್ತದೆ. ಆಮೇಲೆ ಹತ್ತಿ ಕಟ್ಟಿಗೆಯನ್ನು ಒಲೆಗೆ ಬೇಕು ಅಂತ ಬಣವೆ ಒಟ್ಟುತ್ತೇವೆ. ಅದರಲ್ಲಿ ಉಳಿದ ಒಣ ಕಾಯಿಯೊಳಗೆ ಹುಳ ಮಲಗಿ ಮುಂದಿನ ಮಳೆಗೆ ಎದ್ದು ಬರುತ್ತದೆ.

ಇನ್ನೊಂದು ತಪ್ಪು ನಮ್ಮದೂ ಹೌದು. ಮೊದಲು 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಬಿಟಿ ಅಲ್ಲದ ಬೀಜದ ಸಣ್ಣ ಪಾಕೀಟು ಕೊಡುತ್ತಿದ್ದರು. ಅದನ್ನು ಹೊಲದ ಸುತ್ತ ಸಾಲಿನಲ್ಲಿ ಬಿತ್ತಬೇಕು. ಅಲ್ಲಿ ವಿಷಕ್ಕೆ ಒಗ್ಗದ ಹುಳಗಳು ಬದುಕುತ್ತವೆ, ಒಗ್ಗಿದ ಹುಳದ ಜೊತೆ ಕೂಡುತ್ತವೆ, ಮರಿಗಳು ಮತ್ತೆ ಬಿಟಿಗೆ ಸಾಯುತ್ತವೆ. ಇದೇ ಅದರ ಲೆಕ್ಕ. ನನಗೆ ಬೀಜ ಮಾರಿದವರು ಒಬ್ಬರೂ ಇದನ್ನು ಬಿಡಿಸಿ ಹೇಳಲಿಲ್ಲ. ನಾನು ಮೊದಲ ನಾಲ್ಕು ವರ್ಷ ಆ ಸಣ್ಣ ಪಾಕೀಟು ಬದುವಿನ ಮೇಲೆ ಬಿಸಾಡಿದ್ದೇನೆ, ಅಕ್ಕಪಕ್ಕದ ಹೊಲದವರೂ ಅಷ್ಟೇ. ಈಗ ಬರುವ 475 ಗ್ರಾಂ ಪಾಕೀಟಿನಲ್ಲಿ ಬಿಟಿ ಅಲ್ಲದ ಬೀಜವನ್ನೂ ಒಳಗೇ ಬೆರೆಸಿರುತ್ತಾರೆ. ಒಳ್ಳೆಯ ಬದಲಾವಣೆ, ಆದರೆ ತೀರಾ ತಡ.

ರಸ ಹೀರುವ ಕೀಟಗಳ ವಿಷಯದಲ್ಲಿ ಈ ಜೀನ್‌ಗಳಿಂದ ಏನೂ ಪ್ರಯೋಜನ ಇಲ್ಲ. ಜಿಗಿಹುಳು, ನುಸಿ, ಬಿಳಿ ನೊಣ ಎಲ್ಲಾ ಬರುತ್ತವೆ. ನಮ್ಮ ಹಾವೇರಿ ಕಡೆ ಮಿರಿಡ್ ತಿಗಣೆ ಕಾಟವೂ ಇದೆ, ಅದು ಬಂದರೆ ಮೊಗ್ಗು ಉದುರಿ ನೆಲ ತುಂಬುತ್ತದೆ. ಹಾಗಾಗಿ ಔಷಧದ ಖರ್ಚು ಪೂರ್ತಿ ತಪ್ಪುತ್ತದೆ ಅಂದುಕೊಂಡು ಬಿತ್ತಬೇಡಿ.

ಬೆಲೆ ಜಾಸ್ತಿ ಅಂತ ಬೈಯುವವರಿಗೆ ಒಂದು ಮಾತು. ಈ ಬೀಜ ಯಂತ್ರದಲ್ಲಿ ಆಗುವುದಲ್ಲ. ನಮ್ಮ ರಾಣೆಬೆನ್ನೂರು ಕಡೆಯ ಸೀಡ್ಸ್ ಪ್ಲಾಟುಗಳಿಗೆ ಹೋಗಿ ನೋಡಿ. ಸಂಜೆ ಹೊತ್ತು ಒಂದೊಂದೇ ಮೊಗ್ಗಿನ ಗಂಡು ಭಾಗ ಉಗುರಿನಲ್ಲಿ ಬಿಡಿಸಿ ತೆಗೆಯಬೇಕು, ಮರುದಿನ ಬೆಳಿಗ್ಗೆ ಗಂಡು ಗಿಡದ ಹೂ ತಂದು ಒಂದೊಂದಕ್ಕೇ ತಾಕಿಸಬೇಕು. ಬೆನ್ನು ಬಗ್ಗಿಸಿ ದಿನಗಟ್ಟಲೆ ಇದನ್ನು ಮಾಡುವವರು ಹೆಚ್ಚಾಗಿ ಹೆಣ್ಣುಮಕ್ಕಳು. ನನ್ನ ಅಕ್ಕ ಎರಡು ಹಂಗಾಮು ಆ ಕೆಲಸ ಮಾಡಿದ್ದಾಳೆ. 901 ರೂಪಾಯಿಯಲ್ಲಿ ಅವಳ ಬೆರಳಿಗೆ ಬಂದದ್ದು ಎಷ್ಟು ಅಂತ ಯೋಚಿಸಿದರೆ ಕೋಪ ಬರುತ್ತದೆ.

ಹೈಬ್ರಿಡ್ ಅಲ್ಲದ ಬಿಟಿ ಸಿಕ್ಕಿದ್ದರೆ ಬೀಜ ನಾವೇ ಇಟ್ಟುಕೊಳ್ಳಬಹುದಿತ್ತು. 2008ರಲ್ಲಿ ನಾಗಪುರದ ಕೇಂದ್ರ ಹತ್ತಿ ಸಂಶೋಧನಾ ಸಂಸ್ಥೆ ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಸೇರಿ ಬಿಕಾನೇರಿ ನರ್ಮಾ ಬಿಟಿ ಅಂತ ಒಂದು ತಂದಿದ್ದವು. ಆದರೆ ಅದರಲ್ಲಿ ಮಾನ್ಸಾಂಟೊ ಕಂಪನಿಯ ಜೀನೇ ಇದೆ ಅಂತ ಗೊತ್ತಾಗಿ ವಾಪಸ್ ತೆಗೆದುಕೊಂಡರು. 1972ರಲ್ಲೇ ವರಲಕ್ಷ್ಮಿ ಹತ್ತಿ ಕೊಟ್ಟ ಧಾರವಾಡದಿಂದ ನಾವು ಇನ್ನೂ ದೊಡ್ಡದು ನಿರೀಕ್ಷಿಸಿದ್ದೆವು, ಅದಕ್ಕೇ ನೋವು ಜಾಸ್ತಿ. ಹಾಗೇ, ಬಿಟಿ ಬೀಜ ಎತ್ತಿಟ್ಟು ಬಿತ್ತಿದರೆ ಮೊಳೆಯುವುದೇ ಇಲ್ಲ ಅನ್ನುವ ಮಾತು ತಪ್ಪು. ಮೊಳೆಯುತ್ತದೆ. ಹೈಬ್ರಿಡ್ ಆದ್ದರಿಂದ ಒಂದು ಗಿಡ ಒಂದು ಥರ, ಇನ್ನೊಂದು ಇನ್ನೊಂದು ಥರ ಬರುತ್ತದೆ, ಇಳುವರಿ ಬೀಳುತ್ತದೆ. 1998ರಲ್ಲಿ ಸಿಂಧನೂರು ಕಡೆ ಪ್ರೊ. ನಂಜುಂಡಸ್ವಾಮಿ ಅವರ ನೇತೃತ್ವದಲ್ಲಿ ರೈತರು ಪ್ರಯೋಗದ ಹೊಲಕ್ಕೆ ಬೆಂಕಿ ಇಟ್ಟ ಕಾಲದಲ್ಲಿ ಈ ಮಾತು ಊರೂರಿಗೆ ಹಬ್ಬಿತ್ತು. ಬೀಜ ಯಾರ ಕೈಲಿರಬೇಕು ಅನ್ನುವ ಅವರ ಪ್ರಶ್ನೆ ಮಾತ್ರ ಸರಿಯಾಗೇ ಇತ್ತು, ಈಗಲೂ ಇದೆ.

ಕೊಳ್ಳುವವರಿಗೆ: ಪಾಕೀಟಿನ ಚಿತ್ರ, ಹೆಸರು ನೋಡಬೇಡಿ. ಎಷ್ಟು ದಿನದ ಬೆಳೆ ಅಂತ ಕೇಳಿ, 150 ದಿನದ ಒಳಗಿನದು ತನ್ನಿ. ರಸ ಹೀರುವ ಕೀಟದ ಕಾಟವನ್ನು ಆ ತಳಿಯ ಗಿಡ ತಾಳಿಕೊಳ್ಳುತ್ತದಾ ಅಂತ ಹೋದ ವರ್ಷ ಬಿತ್ತಿದ ನೆರೆಯವರನ್ನು ಕೇಳಿ, ಅಂಗಡಿಯವರನ್ನಲ್ಲ. ಬಿಲ್ಲು ಬಿಡಬೇಡಿ, ಖಾಲಿ ಪಾಕೀಟೂ ಬಿಸಾಡಬೇಡಿ. ಒಂದು ವರ್ಷ ಬಿಲ್ಲಿಲ್ಲದೆ ತಂದ ಬೀಜ ಅರ್ಧಕ್ಕರ್ಧ ಮೊಳೆಯಲಿಲ್ಲ, ಕೇಳಲು ಹೋದರೆ "ನಮ್ಮಲ್ಲಿ ತಂದದ್ದೇ ಅಲ್ಲ" ಅಂದುಬಿಟ್ಟರು, ನಾನು ಏನು ತೋರಿಸಲಿ? ಕಳೆನಾಶಕ ಹೊಡೆದರೂ ಸಾಯದ ಹತ್ತಿ ಅಂತ ಬಿಲ್ಲಿಲ್ಲದೆ, ಗುಟ್ಟಾಗಿ ಮಾರುವ ಬೀಜಕ್ಕೆ ಕೈ ಹಾಕಲೇಬೇಡಿ. ಅದಕ್ಕೆ ಸರ್ಕಾರದ ಒಪ್ಪಿಗೆ ಇಲ್ಲ, ಕೆಟ್ಟರೆ ದೂರು ಕೊಡುವ ದಾರಿಯೂ ಇಲ್ಲ.

ಬಿತ್ತಿ 45 ದಿನಕ್ಕೆ, ಗುಲಾಬಿ ಹುಳದ ಗಂಡು ಪತಂಗವನ್ನು ವಾಸನೆಯಿಂದ ಸೆಳೆಯುವ ಮೋಹಕ ಬಲೆ ಕಟ್ಟಿ. ಒಂದು ಬಲೆಗೆ ರಾತ್ರಿಗೆ 8 ಪತಂಗದಂತೆ ಸತತ 3 ರಾತ್ರಿ ಬಿದ್ದರೆ ಔಷಧದ ಹೊತ್ತು ಬಂತು ಅಂತ ಲೆಕ್ಕ. ಅರಳದೆ ಗುಲಾಬಿ ಮೊಗ್ಗಿನ ಹಾಗೆ ಮುಚ್ಚಿಕೊಂಡ ಹೂ ಕಂಡರೆ ಕಿತ್ತು ಒಳಗೆ ನೋಡಿ, ಹುಳ ಅಲ್ಲೇ ಇರುತ್ತದೆ.

ಹೋದ ಹಂಗಾಮಿಗೆ ನಾನು 2 ಎಕರೆ ಮಾತ್ರ ಬಿತ್ತಿದೆ, ಕಡಿಮೆ ಅವಧಿಯ ಬೀಜ. ಡಿಸೆಂಬರ್ ಮುಗಿಯುವ ಮೊದಲೇ ಗಿಡ ಕಿತ್ತು, ಕಟ್ಟಿಗೆ ಬಣವೆ ಒಟ್ಟದೆ ಪುಡಿ ಮಾಡಿಸಿ ಮಣ್ಣಿಗೇ ಸೇರಿಸಿದೆ. ಕೊನೆಯ ಬಿಡಿಕೆ ಹೋಯಿತು ಅಂತ ಅವ್ವ ಬೈದಳು. ಆದರೆ ಮೊದಲ ಎರಡು ಬಿಡಿಕೆಯ ಅರಳೆ ಕಲೆ ಇಲ್ಲದೆ ಬೆಳ್ಳಗೆ ಬಂತು, ಬಹಳ ವರ್ಷದ ಮೇಲೆ. ಪಕ್ಕದ ಹೊಲದವರೂ ಈ ಸಲ ಡಿಸೆಂಬರಿಗೇ ಕೀಳುತ್ತೇವೆ ಅಂದಿದ್ದಾರೆ.