ಬಹುವಚನದ ಲೆಕ್ಕ: ಹೀಬ್ರೂ ಕಲಿಯಬೇಕೇ, ಇಂಗ್ಲಿಷ್ ಗಟ್ಟಿ ಮಾಡಿಕೊಳ್ಳಬೇಕೇ?

ಪ್ರತ್ಯಯಗಳ ಮಟ್ಟಿಗೆ ಇಂಗ್ಲಿಷ್ ಹಗುರ. ನಾಮಪದದ ಕೊನೆಗೆ ‘ಎಸ್’ ಅಥವಾ ‘ಇಎಸ್’ ಸೇರಿಸಿದರೆ ಬಹುಪಾಲು ಕೆಲಸ ಮುಗಿಯಿತು. ಚಿಲ್ಡ್ರನ್, ಫೀಟ್, ಶೀಪ್‌ನಂಥವನ್ನು ಬಾಯಿಪಾಠ ಮಾಡಬೇಕು. ಗುಣವಾಚಕವಂತೂ ನಮ್ಮ ‘ಒಳ್ಳೆಯ’ದಂತೆ ಬದಲಾಗುವುದೇ ಇಲ್ಲ.

ಹೀಬ್ರೂನಲ್ಲಿ ಮೊದಲು ಲಿಂಗ ಗೊತ್ತಿರಬೇಕು. ಮೇಜು ಪುಲ್ಲಿಂಗ, ಬಾಗಿಲು ಸ್ತ್ರೀಲಿಂಗ; ಹಿಂದಿ ಬಲ್ಲವರಿಗೆ ಈ ಕಷ್ಟ ಹೊಸದಲ್ಲ. ಸಾಮಾನ್ಯವಾಗಿ ಪುಲ್ಲಿಂಗಕ್ಕೆ ‘ಈಮ್’, ಸ್ತ್ರೀಲಿಂಗಕ್ಕೆ ‘ಓತ್’: ಗಂಡು ಕುದುರೆ ‘ಸೂಸ್’, ಹಲವಾದರೆ ‘ಸೂಸೀಮ್’; ಹೆಣ್ಣು ಕುದುರೆ ‘ಸೂಸಾ’, ಹಲವಾದರೆ ‘ಸೂಸೋತ್’. ಆದರೆ ‘ಆವ್’ (ತಂದೆ) ಪುಲ್ಲಿಂಗವಾದರೂ ‘ಆವೋತ್’ ಆಗುತ್ತದೆ. ‘ಶಾನಾ’ (ವರ್ಷ) ಸ್ತ್ರೀಲಿಂಗವಾದರೂ ‘ಶಾನೀಮ್’. ಇಲ್ಲಿಯೇ ಈ ಭಾಷೆಯ ಶಿಸ್ತು ಕಾಣುವುದು: ಒಳ್ಳೆಯ ವರ್ಷಗಳು ಎನ್ನಲು ‘ಶಾನೀಮ್ ತೋವೋತ್’ ಎನ್ನಬೇಕು. ಗುಣವಾಚಕ ನಾಮಪದದ ಹೊರರೂಪವನ್ನಲ್ಲ, ಅದರ ನಿಜವಾದ ಲಿಂಗವನ್ನು ಅನುಸರಿಸುತ್ತದೆ. ನನಗೆ ಇದು ಬಹಳ ಸುಂದರ ಅನಿಸುತ್ತದೆ.

ಜೊತೆಗೆ ದ್ವಿವಚನದ ಉಳಿಕೆಯೂ ಇದೆ: ‘ಯೋಮ್’ ದಿನ, ‘ಯೋಮಯಿಮ್’ ಎರಡು ದಿನ. ಸಂಸ್ಕೃತ ಓದಿದವರಿಗೆ ಖುಷಿಯಾದೀತು. ಆದರೆ ಇದು ಕಾಲವಾಚಕಗಳು, ಕೈಕಾಲಿನಂಥ ಜೋಡಿಗಳು ಮುಂತಾದ ಕೆಲವೇ ಪದಗಳಿಗೆ ಸೀಮಿತ. ‘ನನ್ನ’ ಎಂಬುದೂ ಪ್ರತ್ಯಯವಾಗಬಲ್ಲದು: ‘ಬಯಿತ್’ ಮನೆ, ‘ಬೇತಿ’ ನನ್ನ ಮನೆ. ಇಂದಿನ ಆಡುಮಾತಿನಲ್ಲಿ ಮಾತ್ರ ‘ಹಬಯಿತ್ ಶೆಲೀ’ (‘ಶೆಲೀ’ ಎಂದರೆ ನನ್ನ) ಎಂದು ಬಿಡಿಸಿ ಹೇಳುವುದೇ ಹೆಚ್ಚು.

ಬೇಗ ಮಾತಾಡಲು ಶುರುಮಾಡಬೇಕಿದ್ದರೆ ಇಂಗ್ಲಿಷ್. ಪದ ಕಟ್ಟುವ ಬಗೆಯಲ್ಲೇ ಆಸಕ್ತಿಯಿದ್ದರೆ ಹೀಬ್ರೂ ಆರಿಸಿಕೊಳ್ಳಿ, ಪ್ರತಿ ನಾಮಪದವನ್ನೂ ಅದರ ಲಿಂಗ, ಬಹುವಚನಗಳೊಡನೆ ಒಟ್ಟಿಗೇ ಕಲಿಯಿರಿ.