ಚಿಕ್ಕ ಬೋ ಪ್ರೆಸ್: ಮಲೆನಾಡಿನ ಮಳೆಗಾಲಗಳನ್ನು ಕಂಡ ಮೇಲೆ ನನ್ನ ಅಭಿಪ್ರಾಯ

ಕಾಂಪೌಂಡ್ ಬಿಲ್ಲು, ಅಂದರೆ ತುದಿಗಳಲ್ಲಿ ಚಕ್ರ ಇರುವ ಬಿಲ್ಲು, ಸರಿಮಾಡುವ ಅಂಗಡಿ ನಿಮ್ಮ ಊರಲ್ಲೇ ಇದ್ದರೆ ಅದರ ಹೆದೆ ಸಡಿಲಿಸುವ ಈ ಬೋ ಪ್ರೆಸ್ ಕೊಳ್ಳಬೇಡಿ. ನಾನಿರುವುದು ತೀರ್ಥಹಳ್ಳಿ ಕಡೆ. ಇಲ್ಲಿ ಕಾರ್ಬನ್ ಅಂದರೆ ಅಡಿಕೆಗೆ ಔಷಧಿ ಹೊಡೆಯುವ ದೋಟಿ, ಬಾಣ ಅಲ್ಲ. ಕೇಬಲ್‌ಗೆ (ಆ ಚಕ್ರಗಳಿಗೆ ಸಿಕ್ಕಿಸಿದ ಹುರಿಗೆ) ಅರ್ಧ ಸುತ್ತು ಹಾಕಿಸೋಕೆ ಬಿಲ್ಲು ಹೊತ್ತುಕೊಂಡು ಬೆಂಗಳೂರು ಬಸ್ಸು ಹತ್ತೋದು ಯಾರಿಗೆ ಬೇಕು? ಅದಕ್ಕೇ ತರಿಸಿದೆ.

ವಸ್ತು ಸರಳ. ಒಂದು ಉಕ್ಕಿನ ತಂತಿ, ಎರಡು ತುದಿಗೂ ಲಿಂಬ್‌ಗೆ (ಬಿಲ್ಲಿನ ಬಾಗುವ ತೋಳಿಗೆ) ಸಿಕ್ಕಿಸುವ ಕೊಕ್ಕೆ, ಸ್ಪ್ಯಾನರ್ ಹಾಕಿ ತಿರುಗಿಸುವ ಸ್ಕ್ರೂ. ತಿರುಗಿಸಿದ ಹಾಗೆ ಲಿಂಬ್‌ಗಳು ಬಾಗಿ, ಹೆದೆಯೂ ಕೇಬಲ್‌ಗಳೂ ಸಡಿಲ ಆಗುತ್ತವೆ.

ಇದು ಯಾಕೆ ಬೇಕು ಅಂದರೆ ಕ್ಯಾಮ್ ಟೈಮಿಂಗ್‌ಗೆ. ಕಾಂಪೌಂಡ್‌ನ ಮಜಾ ಇರೋದೇ ಕ್ಯಾಮ್‌ನಲ್ಲಿ, ಅಂದರೆ ತುದಿಯ ಆ ಚಕ್ರದಲ್ಲಿ: 60 ಪೌಂಡ್ ಬಿಲ್ಲಿಗೆ 80 ಶೇಕಡಾ ಲೆಟ್‌ಆಫ್ (ಕೊನೆಯಲ್ಲಿ ಇಳಿಯುವ ಭಾರ) ಇದ್ದರೆ ಪೂರ್ತಿ ಎಳೆದು ಗುರಿ ಹಿಡಿದಾಗ ಕೈಗೆ ಬರುವ ಭಾರ ಸುಮಾರು 12 ಪೌಂಡ್ ಅಷ್ಟೇ. ಆದರೆ ಎರಡು ಕ್ಯಾಮ್ ಇರುವ ಬಿಲ್ಲಲ್ಲಿ ಮೇಲಿನ ಸ್ಟಾಪ್, ಕೆಳಗಿನ ಸ್ಟಾಪ್ (ಎಳೆತವನ್ನು ತಡೆದು ನಿಲ್ಲಿಸುವ ಮೊಳೆಗಳು) ಒಂದೇ ಕ್ಷಣಕ್ಕೆ ತಾಗಬೇಕು, ಅದೇ ಟೈಮಿಂಗ್. ಒಂದು ಮುಂಚೆ ತಾಗಿದರೆ ಕೊನೆಯಲ್ಲಿ ಗಟ್ಟಿ ಗೋಡೆ ಸಿಗೋದಿಲ್ಲ, ಮೆತ್ತಗೆ ಅನಿಸುತ್ತದೆ, ಬಾಣದ ಹಿಂಬದಿ ಮೇಲೆ ಕೆಳಗೆ ಕುಣಿಯುತ್ತದೆ. 50 ಮೀಟರ್ ದೂರಕ್ಕೆ ಹೋಗುವಷ್ಟರಲ್ಲಿ ಅದರ ಲೆಕ್ಕ ಗೊತ್ತಾಗುತ್ತದೆ, ಯಾಕೆಂದರೆ ಅಲ್ಲಿ ಹತ್ತರ ವೃತ್ತದ ಅಗಲ ಬರೀ 8 ಸೆಂಟಿಮೀಟರ್. ಹೊಸ ಹೆದೆ, ಕೇಬಲ್ ಹಾಕಿದ ಶುರುವಿನಲ್ಲಿ ನೂಲು ಕುಳಿತುಕೊಳ್ಳುತ್ತಾ ಸ್ವಲ್ಪ ಉದ್ದ ಆಗುವುದರಿಂದ ಟೈಮಿಂಗ್ ಮತ್ತೆ ಮತ್ತೆ ತಪ್ಪುತ್ತದೆ.

ಈಗ ನಿಜವಾದ ಮಾತು. ಪ್ರೆಸ್ ಬರೀ ಸಡಿಲ ಮಾಡುತ್ತದೆ, ತಪ್ಪು ತೋರಿಸೋದಿಲ್ಲ. ತೋರಿಸೋದು ಡ್ರಾ ಬೋರ್ಡ್, ಬಿಲ್ಲನ್ನು ಎಳೆದು ಹಿಡಿದಿಡುವ ಹಲಗೆ. ಅದನ್ನು ದುಡ್ಡು ಕೊಟ್ಟು ತರಿಸಬೇಡಿ. ಗಟ್ಟಿಯಾದ ಹಲಸಿನ ಹಲಗೆ, ಹಾರ್ಡ್‌ವೇರ್ ಅಂಗಡಿಯ ಕೈ ವಿಂಚು, ಹಿಡಿಕೆ ಕೂರಿಸೋಕೆ ಒಂದು ಗೂಟ, ಮುಗೀತು. ಬಿಲ್ಲನ್ನು ನಿಧಾನಕ್ಕೆ ಎಳೆದು ನಿಲ್ಲಿಸಿ, ಎರಡೂ ಸ್ಟಾಪ್ ಆರಾಮಾಗಿ ನೋಡಬಹುದು. ವಿಂಚಿನ ಹಲ್ಲು, ಬೀಗ ಗಟ್ಟಿ ಇರಲಿ. ಎಳೆದ ಬಿಲ್ಲು ಕಳಚಿಕೊಂಡರೆ ಬಾಣವಿಲ್ಲದೆ ಹೆದೆ ಬಿಟ್ಟ ಹಾಗೆಯೇ, ಲಿಂಬ್ ಸೀಳಬಹುದು.

ಕೇಬಲ್‌ಗೆ ಸುತ್ತು ಹಾಕಿದರೆ ಅದು ಗಿಡ್ಡ ಆಗುತ್ತದೆ, ಬಿಚ್ಚಿದರೆ ಉದ್ದ. ಒಂದು ಸಲಕ್ಕೆ ಅರ್ಧ ಸುತ್ತು, ಜಾಸ್ತಿ ಬೇಡ. ಯಾವ ಕೇಬಲ್ ಅನ್ನೋದು ಕ್ಯಾಮ್‌ನ ಮಾದರಿ ಮೇಲೆ ನಿಂತಿದೆ, ಆದ್ದರಿಂದ ಬಿಲ್ಲಿನ ಕೈಪಿಡಿ ಪಕ್ಕದಲ್ಲಿರಲಿ. ಟೈಮಿಂಗ್ ಸರಿಯಾದ ಮೇಲೆ ಬ್ರೇಸ್ ಹೈಟ್ (ಹಿಡಿಕೆಯಿಂದ ಹೆದೆಗಿರುವ ದೂರ), ಎಳೆತದ ಭಾರ, ಪೀಪ್ (ಹೆದೆಯಲ್ಲಿ ಕಣ್ಣಿಟ್ಟು ನೋಡುವ ತೂತು) ಕೂತಿರುವ ಎತ್ತರ ಮತ್ತೆ ಅಳೆಯಿರಿ, ಅವೂ ಸರಿದಿರುತ್ತವೆ. ಬಾಣ ಕೂರುವ ರೆಸ್ಟನ್ನು ಅಲ್ಲಾಡಿಸೋದು ಎಲ್ಲದರ ಕೊನೆಗೆ. ಎಷ್ಟೋ ಜನ ಅದನ್ನೇ ಮೊದಲು ಮುಟ್ಟುತ್ತಾರೆ, ಸುಮ್ನೆ ಬಾಣ ಹಾಳು.

ಪೇಪರ್ ಟ್ಯೂನಿಂಗ್ (ಕಾಗದದ ಮೂಲಕ ಬಾಣ ಬಿಟ್ಟು ತೂತು ನೋಡಿ ಬಿಲ್ಲು ಸರಿಮಾಡೋದು) ಬಗ್ಗೆ ನಮ್ಮ ಕಡೆಯವರಿಗೆ ಒಂದು ಮಾತು. ಆಷಾಢದಲ್ಲಿ ಹಳೇ ಪೇಪರ್ ಕಟ್ಟಿಕೊಂಡು ಕೂರಬೇಡಿ. ತೇವ ಹೀರಿದ ಕಾಗದ ಎಲ್ಲೆಂದರಲ್ಲಿ ಹರಿಯುತ್ತದೆ, ತೂತು ನೋಡಿ ಎಡವೋ ಬಲವೋ ಹೇಳೋಕಾಗೋದಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿಟ್ಟ ಕಾಗದ ಒಳ್ಳೇದು.

ಪ್ರೆಸ್ಸಿನ ದೂರು? ಕೊಕ್ಕೆಗಳ ರಬ್ಬರ್ ಹೊದಿಕೆ ಬೇಗ ಬಿರಿಯಿತು, ಲಿಂಬ್ ಗೀಚದಿರಲಿ ಅಂತ ಸೈಕಲ್ ಟ್ಯೂಬ್ ಸುತ್ತಿದ್ದೇನೆ. ಸ್ಕ್ರೂ ಜೂನ್ ಬಂದರೆ ತುಕ್ಕು ಹಿಡಿಯುತ್ತದೆ, ಹೊಲಿಗೆ ಮೆಷಿನ್ ಎಣ್ಣೆ ಬಿಟ್ಟರೆ ಸಾಕು. ದೊಡ್ಡ ತಕರಾರು ಬೇರೆ. ಇದರಲ್ಲಿ ಎರಡೂ ಕಡೆ ಒಂದೇ ಸಮ ಒತ್ತಡ ಬೀಳುವ ಹಾಗೆ ಕೊಕ್ಕೆ ಕೂರಿಸೋದು ನಿಮ್ಮ ಕೆಲಸ, ಮೇಜಿಗೆ ಕೂರಿಸುವ ದೊಡ್ಡ ಪ್ರೆಸ್‌ನಷ್ಟು ಭರವಸೆ ಇಲ್ಲ. ಲಿಂಬ್‌ಗಳು ಹೆಚ್ಚು ಮಡಚಿಕೊಂಡ ಹೊಸ ಬಿಲ್ಲುಗಳಿಗೆ ಬೇರೆ ಕೊಕ್ಕೆ ಬೇಕು, ಕೆಲವು ಬಿಲ್ಲು ತಯಾರಕರು ಇಂಥ ಪ್ರೆಸ್ ಬೇಡವೇ ಬೇಡ ಅನ್ನುತ್ತಾರೆ. ವಾರಂಟಿ ಓದಿ ಕೈ ಹಾಕಿ.

2023ರ ಹ್ಯಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕಾಂಪೌಂಡ್‌ನ ಐದೂ ಚಿನ್ನ ಭಾರತಕ್ಕೇ ಬಂದವು, 2028ರ ಒಲಿಂಪಿಕ್ಸ್‌ಗೆ ಮಿಶ್ರ ತಂಡದ ಸ್ಪರ್ಧೆಯೂ ಸೇರಿದೆ. ನಮ್ಮಲ್ಲೂ ಹುಡುಗರು ಸೆಕೆಂಡ್ ಹ್ಯಾಂಡ್ ಬಿಲ್ಲು ವಿಚಾರಿಸುತ್ತಿದ್ದಾರೆ. ಅಂಥವರು ನಾಲ್ಕೈದು ಜನ ಸೇರಿ ಒಂದು ಪ್ರೆಸ್ ತಗೊಳ್ಳಿ, ಒಬ್ಬೊಬ್ಬರಿಗೆ ಒಂದೊಂದು ದಂಡ. ಐದರಲ್ಲಿ ಮೂರೂವರೆ ಕೊಡುತ್ತೇನೆ. ಡ್ರಾ ಬೋರ್ಡ್ ಇಲ್ಲದವರಿಗೆ ಎರಡೇ.